ಮೂಟೆ ಎಂಬ ಮಾತಿಗೆ ಎರಡು ಅರ್ಥ

ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕಾಫಿ ಖರೀದಿ ಅಂಗಡಿಯಿದೆ. ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ, ಅಂದರೆ ಪೂಲ್‌ಗೆ, ಒಪ್ಪಿಸಬೇಕಿದ್ದ ವ್ಯವಸ್ಥೆ 1996ರಲ್ಲಿ ಪೂರ್ತಿಯಾಗಿ ಮುಗಿದ ಮೇಲೆ ಅಪ್ಪ ಇದನ್ನು ಆರಂಭಿಸಿದರು. ಕಳೆದ ಇಪ್ಪತ್ತೆರಡು ವರ್ಷಗಳಿಂದ ಇದರ ಲೆಕ್ಕವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಕಾಫಿ ತಂದವರಿಗೆ ಒಂದು ಚೀಟಿ, ನಮ್ಮಲ್ಲಿ ಒಂದು ಪುಸ್ತಕ, ಕ್ಯಾಲ್ಕ್ಯುಲೇಟರ್, ಉಳಿದದ್ದು ನೆನಪು. ಹೀಗೆಯೇ ನಡೆದುಬಂದಿತ್ತು. ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ತಳಿಯ ಕಾಫಿ ಟನ್ನಿಗೆ 5,500 ಡಾಲರ್ ದಾಟಿದ 2025ರ ಫೆಬ್ರವರಿಯಲ್ಲಿ ಮಾತ್ರ ಈ ಏರ್ಪಾಡು ಕುಸಿಯಿತು. ದಿನಕ್ಕೆ ಎರಡು ಸಲ ದರ ಬದಲಾಗುತ್ತಿದ್ದ ಆ ವಾರಗಳಲ್ಲಿ, ಯಾರಿಗೆ ಯಾವ ದರ ಹೇಳಿದ್ದೆವು ಎಂಬುದನ್ನು ಹುಡುಕಲು ನಾನೂ ನಮ್ಮ ಗುಮಾಸ್ತರಾದ ರೈಟರೂ ರಾತ್ರಿ ಹನ್ನೊಂದರವರೆಗೆ ಕುಳಿತುಕೊಳ್ಳಬೇಕಾಗುತ್ತಿತ್ತು.

ಅಣ್ಣನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಎಐಗೆ ಮಾತಿನಲ್ಲಿ ವಿವರಿಸಿದರೆ ಸಾಕು, ಅದೇ ಪ್ರೋಗ್ರಾಂ ಬರೆದುಕೊಡುತ್ತದೆ ಎಂದೂ, ಆಂಡ್ರೆ ಕರ್ಪಾತಿ ಎಂಬ ತಜ್ಞರು ಇದಕ್ಕೆ ‘ವೈಬ್ ಕೋಡಿಂಗ್’ ಎಂಬ ಹೆಸರು ಕೊಟ್ಟಿದ್ದಾರೆಂದೂ ಅವಳು ಹೇಳಿದಾಗ ನನಗೆ ಬಹಳ ಹುಮ್ಮಸ್ಸು ಬಂತು. ಅಕ್ಟೋಬರ್ ತಿಂಗಳ ಒಂದು ರಾತ್ರಿ ನಾನೇ ಕುಳಿತು ಕನ್ನಡದಲ್ಲಿ ಐದಾರು ಸಾಲು ಬರೆದೆ: ಕಾಫಿ ಖರೀದಿ ಅಂಗಡಿಗೆ ಲೆಕ್ಕದ ಸಾಫ್ಟ್‌ವೇರ್ ಬೇಕು, ಬೆಳೆಗಾರರ ಹೆಸರು, ಮೂಟೆ, ಔಟ್‌ಟರ್ನ್, ದರ, ಮುಂಗಡ, ಬಾಕಿ ಎಲ್ಲವೂ ಇರಬೇಕು, ಚೀಟಿ ಮುದ್ರಣವಾಗಬೇಕು. ಅರ್ಧ ಗಂಟೆಯೊಳಗೆ ಅಂದವಾದ ಪರದೆಗಳು ಎದುರಿಗೆ ಬಂದವು. ಕಾಫಿ ಎಲೆಯ ಬಣ್ಣದ ಗುಂಡಿಗಳು, ಮೇಲೆ ನಮ್ಮ ಅಂಗಡಿಯ ಹೆಸರು. ಆ ರಾತ್ರಿ ಕೆಲಸ ಮುಗಿದೇಹೋಯಿತು ಎಂದೇ ನಾನು ನಂಬಿದ್ದೆ.

ನವೆಂಬರ್‌ನ ಒಂದು ಭಾನುವಾರ ಅವಳು ಊರಿಗೆ ಬಂದಳು. ಪರದೆಗಳನ್ನು ಮೆಚ್ಚಿಕೊಳ್ಳುವ ಬದಲು, ಹಿಂದಿನ ಹಂಗಾಮಿನ ನಲವತ್ತು ಚೀಟಿಗಳನ್ನು ತೆಗೆದುಕೊಡಿ ಎಂದಳು. ಒಂದೊಂದನ್ನೇ ಸಾಫ್ಟ್‌ವೇರ್‌ಗೆ ಏರಿಸಿ, ಅದು ಕೊಟ್ಟ ಮೊತ್ತವನ್ನೂ ನಾನು ಕೈಯಲ್ಲಿ ಬರೆದಿದ್ದ ಮೊತ್ತವನ್ನೂ ಪಕ್ಕಪಕ್ಕದಲ್ಲಿ ಇಟ್ಟೆವು. ಹೊಂದಿದ್ದು ಹನ್ನೊಂದು ಮಾತ್ರ. ಎಐ ತಪ್ಪು ಮಾಡಿದೆ ಎಂದು ನಾನು ಹೇಳತೊಡಗಿದಾಗ ಅವಳು ತಡೆದಳು. “ಚಿಕ್ಕಪ್ಪ, ನೀವು ಹೇಳಿದ್ದರಲ್ಲಿ ಅದು ತಪ್ಪು ಮಾಡಿಲ್ಲ. ಹೇಳದೆ ಬಿಟ್ಟಿದ್ದನ್ನ ತನಗೆ ತೋಚಿದ ಹಾಗೆ ತುಂಬಿಕೊಂಡಿದೆ. ಇವತ್ತು ಅದನ್ನ ಹುಡುಕೋಣ.”

ಮೊದಲ ಚೀಟಿಯಲ್ಲಿಯೇ ಸಿಕ್ಕಿಕೊಂಡೆವು. ಹದಿನೆಂಟು ಮೂಟೆ ರೊಬಸ್ಟಾ ಚೆರ್ರಿ, ಔಟ್‌ಟರ್ನ್ 26.4, ಪಾಯಿಂಟಿಗೆ 380 ರೂಪಾಯಿ. ಈ ವ್ಯಾಪಾರದ ಪರಿಚಯವಿಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಚೆರ್ರಿ ಎಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು. 50 ಕಿಲೋ ಒಣ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಬೀಜ ಸಿಗುತ್ತದೆಯೋ ಅದು ಔಟ್‌ಟರ್ನ್. ಅದನ್ನು ಪಾಯಿಂಟ್ ದರದಿಂದ ಗುಣಿಸಿದರೆ ಒಂದು ಮೂಟೆಯ ಬೆಲೆ. ಇಲ್ಲಿ ಅದು 10,032 ರೂಪಾಯಿ. ಸಾಫ್ಟ್‌ವೇರ್ ಅದನ್ನು ಹದಿನೆಂಟರಿಂದ ಗುಣಿಸಿ 1,80,576 ಎಂದಿತ್ತು. ಆದರೆ ಬೆಳೆಗಾರರು ತರುವ ಚೀಲ ಎಷ್ಟೋ ಸಲ ಸರಿಯಾಗಿ 50 ಕಿಲೋ ಇರುವುದಿಲ್ಲ. ಆ ದಿನದ ಒಟ್ಟು ತೂಕ 926.5 ಕಿಲೋ, ಗೋಣಿಗೆ ಒಂದು ಕಿಲೋದಂತೆ ಹದಿನೆಂಟು ಕಿಲೋ ಕಳೆದರೆ 908.5. ಅದನ್ನು 50ರಿಂದ ಭಾಗಿಸಿದರೆ 18.17 ಮೂಟೆ. ಹಣ ಕೊಡಬೇಕಾದದ್ದು ಇದಕ್ಕೆ, ಅಂದರೆ 1,82,281 ರೂಪಾಯಿ 44 ಪೈಸೆ.

‘ಮೂಟೆ’ ಎಂಬ ಒಂದೇ ಮಾತನ್ನು ಎರಡು ಅರ್ಥಗಳಲ್ಲಿ ಬಳಸುತ್ತಿದ್ದೇವೆ ಎಂಬುದು ಇಷ್ಟು ವರ್ಷ ನನ್ನ ಅರಿವಿಗೇ ಬಂದಿರಲಿಲ್ಲ. ಜೀಪಿನಿಂದ ಇಳಿಸುವಾಗ ಮೂಟೆ ಎಂದರೆ ಗೋಣಿಚೀಲ. ಬೆಲೆ ಹೇಳುವಾಗ ಮೂಟೆ ಎಂದರೆ 50 ಕಿಲೋ. ಬೆಳೆಗಾರರಿಗೂ ನಮಗೂ ಇದು ಎಂದೂ ತೊಡಕಾಗಿಲ್ಲ, ಏಕೆಂದರೆ ಯಾವ ಸಂದರ್ಭದಲ್ಲಿ ಯಾವ ಮೂಟೆ ಎಂಬುದು ಇಬ್ಬರಿಗೂ ಗೊತ್ತು. ಹೊರಗಿನಿಂದ ಕೇಳಿಸಿಕೊಳ್ಳುವ ಯಂತ್ರಕ್ಕೆ ಅದು ತಿಳಿಯಬೇಕಾದರೆ ಯಾರಾದರೂ ಹೇಳಲೇಬೇಕು. ಅವಳು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಪದಗಳ ಪಟ್ಟಿಯೊಂದನ್ನು ಮಾಡಿಸಿದಳು. ಇಳಿಸುವುದು ‘ಚೀಲ’, ಬೆಲೆ ಕಟ್ಟುವುದು ‘ಲೆಕ್ಕದ ಮೂಟೆ’. ಇನ್ನು ಮುಂದೆ ಬರಿದೆ ‘ಮೂಟೆ’ ಎಂದು ಎಲ್ಲಿಯೂ ಬರೆಯಬಾರದು. ತೂಕ, ತೇವಾಂಶ, ಔಟ್‌ಟರ್ನ್ ಪದಗಳಿಗೂ ಯಾವುದರಲ್ಲಿ ಅಳೆಯುವುದು, ಯಾರು ಬರೆಯುವುದು, ಯಾವಾಗ ಬರೆಯುವುದು ಎಂಬ ಮೂರು ಉತ್ತರಗಳನ್ನು ಕೇಳಿ ಪಡೆದಳು. ಪಾರ್ಚ್‌ಮೆಂಟ್‌ಗೆ, ಅಂದರೆ ಹಣ್ಣಿನ ಹೊರಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿಗೆ, ನಮ್ಮಲ್ಲಿ ಔಟ್‌ಟರ್ನ್ ಲೆಕ್ಕವಿಲ್ಲ, 50 ಕಿಲೋಗೆ ನೇರ ದರ; ಅದನ್ನೂ ನಾನು ಹೇಳಿರಲಿಲ್ಲ.

ಹಣದ ವಿಷಯದಲ್ಲಿ ಅವಳು ನಿಧಾನವಾಗಿ ಒಂದು ಸಂಗತಿಯನ್ನು ವಿವರಿಸಿದಳು. ಕಂಪ್ಯೂಟರ್ ಎರಡರ ಆಧಾರದಲ್ಲಿ ಎಣಿಸುವುದರಿಂದ 0.1 ಎಂಬಂಥ ದಶಮಾಂಶಗಳು ಅದರೊಳಗೆ ಕರಾರುವಾಕ್ಕಾಗಿ ಕೂರುವುದಿಲ್ಲ. ಆದ್ದರಿಂದ ಹಣವನ್ನು ಪೈಸೆಯ ಪೂರ್ಣಸಂಖ್ಯೆಯಾಗಿ ಇಡಬೇಕು, ಎಲ್ಲಿ, ಎಷ್ಟು ಸಲ ಸರಿಹೊಂದಿಸಬೇಕೆಂಬುದನ್ನೂ ಬರೆಯಬೇಕು. ಲೆಕ್ಕದ ಕೊನೆಯಲ್ಲಿ ಒಂದೇ ಸಲ, ಪೈಸೆಗೆ ಎಂದು ಬರೆದೆವು.

ಮಧ್ಯಾಹ್ನದ ಊಟದ ಹೊತ್ತಿಗೆ ನಿಜವಾಗಿ ಕಷ್ಟದ ಭಾಗಕ್ಕೆ ಬಂದೆವು. ನಮ್ಮ ಕಡೆ ಎಲ್ಲರೂ ಕಾಫಿ ತಂದ ದಿನವೇ ಮಾರುವುದಿಲ್ಲ. ಅನೇಕರು ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ, ದರ ಏರಿತೆಂದು ಅನಿಸಿದ ದಿನ ಫೋನ್ ಮಾಡಿ ಇಷ್ಟಕ್ಕೆ ದರ ಮಾಡಿ ಎನ್ನುತ್ತಾರೆ. ಪೂರ್ತಿಗೇ ಮಾಡಬೇಕೆಂದಿಲ್ಲ, ಈ 908.5 ಕಿಲೋದಲ್ಲಿ ಹತ್ತು ಲೆಕ್ಕದ ಮೂಟೆಗೆ ಇಂದು, ಉಳಿದ 408.5 ಕಿಲೋಗೆ ಮುಂದೆಂದೋ. ಎಐ ಬರೆದ ಸಾಫ್ಟ್‌ವೇರ್‌ನಲ್ಲಿ ಕಾಫಿ ಬಂದ ಕ್ಷಣವೇ ಖರೀದಿ ಮುಗಿದಂತೆ, ಆ ದಿನದ ದರವೇ ಕೊನೆಯ ದರ. ಹೆಚ್ಚಿನ ಅಂಗಡಿಗಳ ವ್ಯವಹಾರ ಹಾಗೆಯೇ ಇರುವುದರಿಂದ ಅದು ಸಹಜವಾಗಿ ಹಾಗೆ ಊಹಿಸಿತ್ತು.

ಇಟ್ಟು ಹೋದ ಕಾಫಿ ಯಾರದ್ದು ಎಂದು ಅವಳು ಕೇಳಿದಳು. ದರ ಆಗುವವರೆಗೆ ಬೆಳೆಗಾರರದ್ದು ಎಂದೆ. ಹಾಗಾದರೆ ಗೋದಾಮಿನಲ್ಲಿ ಒಣಗಿ ತೂಕ ಇಳಿದರೆ ನಷ್ಟ ಯಾರಿಗೆ? ನಮಗೆ, ಏಕೆಂದರೆ ಒಳಗೆ ಬಂದ ದಿನದ ತೂಕಕ್ಕೇ ನಾವು ಹಣ ಕೊಡುವುದು. ಮುಂಗಡವಾಗಿ 50,000 ರೂಪಾಯಿ ಪಡೆದಿದ್ದರೆ ಅದನ್ನು ಮೊದಲ ಹತ್ತು ಮೂಟೆಯ ಹಣದಲ್ಲಿ ಮುರಿಯುತ್ತೀರಾ, ಕೊನೆಯದರಲ್ಲಾ? ಮೊದಲನೆಯದರಲ್ಲಿ, ಆದರೆ ಮನೆಯಲ್ಲಿ ಮದುವೆಯೋ ಆಸ್ಪತ್ರೆಯೋ ಇದ್ದರೆ ಮುಂದಕ್ಕೆ ಹಾಕುತ್ತೇವೆ. “ಆ ‘ಆದರೆ’ಯನ್ನ ಯಾರು ತೀರ್ಮಾನಿಸ್ತಾರೆ, ರೈಟರಾ, ನೀವಾ?” ನಾನು. ಅದನ್ನೂ ಬರೆದಳು: ಮುಂಗಡದ ವಸೂಲಿಯನ್ನು ಮುಂದೂಡುವ ಗುಂಡಿ ಮಾಲೀಕರಿಗೆ ಮಾತ್ರ, ಕಾರಣ ಬರೆಯದೆ ಅದು ಒತ್ತಲಾಗಬಾರದು.

‘ಆ ದಿನದ ದರ’ ಎಂಬ ಮಾತಿಗೂ ಇದೇ ಗತಿಯಾಯಿತು. ನಾವು ಬೆಳಿಗ್ಗೆ ಒಂದು ದರ ಹೇಳುತ್ತೇವೆ. ಮಧ್ಯಾಹ್ನದ ಮೇಲೆ ಲಂಡನ್ ಮಾರುಕಟ್ಟೆ ತೆರೆದು ಏರುಪೇರಾದರೆ ಸಂಜೆಗೆ ಇನ್ನೊಂದು. ಬೆಳೆಗಾರರೊಬ್ಬರು ಹನ್ನೊಂದು ಗಂಟೆಗೆ ಫೋನ್ ಮಾಡಿದಾಗ ನಾನು ಎತ್ತಲಿಲ್ಲ, ನಾಲ್ಕು ಗಂಟೆಗೆ ತಿರುಗಿ ಮಾಡಿದೆ. ಯಾವ ದರ? ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ರೈಟರು, “ನಾಲ್ಕು ಗಂಟೆದು” ಎಂದರು. ನಾನು ಇಷ್ಟು ವರ್ಷ ಕೊಡುತ್ತಿದ್ದದ್ದು ಎರಡರಲ್ಲಿ ಹೆಚ್ಚಿನದು, ಏಕೆಂದರೆ ಫೋನ್ ಎತ್ತದೆ ಇದ್ದದ್ದು ನಮ್ಮ ಕಡೆಯ ಲೋಪ. ಒಂದೇ ಮೇಜಿನ ಎರಡು ಬದಿಯಲ್ಲಿ ಕುಳಿತು ನಾವಿಬ್ಬರೂ ಎರಡು ನಿಯಮಗಳನ್ನು ನಡೆಸುತ್ತಿದ್ದೆವು. ಬೆಳೆಗಾರರಿಗೆ ಸಿಗುವ ಹಣ ಆ ದಿನ ಮೇಜಿನ ಬಳಿ ಯಾರಿದ್ದರು ಎಂಬುದರ ಮೇಲೆ ನಿಂತಿತ್ತು. ಇದು ತಿಳಿದಾಗ ರೈಟರ ಮುಖವೂ ಬಾಡಿತು. ಅವರು ಅಂಗಡಿಯ ಹಿತಕ್ಕೆಂದೇ ಹಾಗೆ ಮಾಡಿದ್ದರು, ನಾನು ಒಂದು ಮಾತನ್ನೂ ಹೇಳಿಕೊಟ್ಟಿರಲಿಲ್ಲ.

ಆದರೆ ನನ್ನನ್ನು ಅಲುಗಿಸಿದ್ದು ಇದಲ್ಲ. ಹೊಂದದ ಚೀಟಿಗಳಲ್ಲಿ ಒಂಬತ್ತರ ತೂಕ, ದರ ಎಲ್ಲ ಸರಿಯಿದ್ದೂ ಸಾಫ್ಟ್‌ವೇರ್ ನನ್ನದಕ್ಕಿಂತ ಹೆಚ್ಚಿನ ಮೊತ್ತ ತೋರಿಸುತ್ತಿತ್ತು. ಅವಳು ಅವುಗಳನ್ನು ಸಾಲಾಗಿ ಹರಡಿದಳು. ಸಾಫ್ಟ್‌ವೇರ್‌ಗೆ ನಾವು ಏರಿಸಿದ್ದು ಮಾದರಿ ಪರೀಕ್ಷೆಯ ಪುಸ್ತಕದಲ್ಲಿದ್ದ ಔಟ್‌ಟರ್ನ್. ಅದರಲ್ಲಿ 26.4 ಎಂದಿದ್ದರೆ ಚೀಟಿಯಲ್ಲಿ 26, 27.8 ಇದ್ದರೆ 27.5. ಔಟ್‌ಟರ್ನ್ ಅನ್ನು ಅರ್ಧ ಪಾಯಿಂಟಿಗೆ ಇಳಿಸಿ ಬರೆಯುವುದು ಅಪ್ಪನ ಕಾಲದಿಂದ ಬಂದ ರೂಢಿ ಎಂದೆ. ಅವಳು ಉಳಿದ ಚೀಟಿಗಳನ್ನು ತೋರಿಸಿದಳು. ಅವುಗಳಲ್ಲಿ 26.4 ಎಂಬುದು 26.4 ಆಗಿಯೇ ಇತ್ತು. ಹೆಸರುಗಳನ್ನು ನೋಡಿದಾಗ ಉತ್ತರ ನನಗೇ ತಿಳಿಯಿತು. ದೊಡ್ಡ ತೋಟದವರು ಪರೀಕ್ಷೆಯ ಪುಸ್ತಕವನ್ನು ಕೇಳಿ ನೋಡುತ್ತಾರೆ. ಅವರಿಗೆ ಇದ್ದದ್ದು ಇದ್ದಂತೆ. ಎರಡು ಮೂರು ಎಕರೆಯವರು ಕೇಳುವುದಿಲ್ಲ. ಅವರಿಗೆ ಅರ್ಧಕ್ಕೆ ಇಳಿಸಿದ ಲೆಕ್ಕ. ಹೀಗೆ ಮಾಡಬೇಕೆಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಕೈ ತಾನಾಗಿ ಹಾಗೆ ಬರೆಯುತ್ತಿತ್ತು. ಅದೇ ಹದಿನೆಂಟು ಚೀಲಕ್ಕೆ 26.4ರ ಬದಲು 26 ಹಿಡಿದರೆ ಬೆಳೆಗಾರರಿಗೆ 2,761 ರೂಪಾಯಿ 84 ಪೈಸೆ ಕಡಿಮೆ.

“ಈ ನಿಯಮ ಹೇಗೆ ಬರೆಯಲಿ ಚಿಕ್ಕಪ್ಪ?” ಎಂದು ಅವಳು ಕೇಳಿದಳು. ಅದರಲ್ಲಿ ಚುಚ್ಚುಮಾತಿರಲಿಲ್ಲ, ನಿಜವಾಗಿ ಬರೆಯಲು ಒಂದು ವಾಕ್ಯ ಬೇಕಿತ್ತು. ‘ಕೇಳುವವರಿಗೆ ದಶಮಾಂಶ, ಕೇಳದವರಿಗೆ ಅರ್ಧ’ ಎಂಬ ವಾಕ್ಯವನ್ನು ನನ್ನ ಕೈಯಿಂದ ಬರೆಯಲು ಸಾಧ್ಯವಿರಲಿಲ್ಲ.

ಅಪ್ಪ ಜಗಲಿಯಲ್ಲಿ ಕುಳಿತಿದ್ದರು. ಹೋಗಿ ಕೇಳಿದೆ. ಆಗಿನ ಕಾಲಕ್ಕೆ ಒಂದು ಕಿಲೋ ಮಾದರಿಯನ್ನು ಸಿಪ್ಪೆ ತೆಗೆದು ಕೈತಕ್ಕಡಿಯಲ್ಲಿ ತೂಗುತ್ತಿದ್ದೆವು, ನಮ್ಮಲ್ಲಿದ್ದ ಅತಿ ಸಣ್ಣ ತೂಕದ ಕಲ್ಲು 10 ಗ್ರಾಂನದು ಎಂದರು. ಒಂದು ಕಿಲೋದಲ್ಲಿ 10 ಗ್ರಾಂ ಎಂದರೆ ಔಟ್‌ಟರ್ನ್‌ನಲ್ಲಿ ಸರಿಯಾಗಿ ಅರ್ಧ ಪಾಯಿಂಟ್! ಅದಕ್ಕಿಂತ ಸಣ್ಣದನ್ನು ಅಳೆಯುವ ದಾರಿಯೇ ಇಲ್ಲದ್ದರಿಂದ ಹುಟ್ಟಿದ ರೂಢಿ ಅದು. ಡಿಜಿಟಲ್ ತಕ್ಕಡಿ ಬಂದು 528 ಗ್ರಾಂ ಎಂದು ತೋರಿಸತೊಡಗಿದ ಮೇಲೂ ನಾವು 520 ಎಂದೇ ಓದುತ್ತಿದ್ದೆವು. “ಆಗಿನ ತಕ್ಕಡಿ ಹೇಳ್ತಿರಲಿಲ್ಲ, ಅದಕ್ಕೆ ಬಿಡ್ತಿದ್ವಿ. ಈಗಿನದು ಹೇಳುತ್ತಲ್ಲ, ಹೇಳಿದ್ದನ್ನ ಬರಿ” ಎಂದು ಅಪ್ಪ ಕಣದ ಕಡೆ ತಿರುಗಿದರು.

ಹದಿನೇಳನೆಯ ನಿಯಮ ಹೀಗೆ ಆಯಿತು: ಔಟ್‌ಟರ್ನ್ ಅನ್ನು ಎಲ್ಲರಿಗೂ ಒಂದು ದಶಮಾಂಶದವರೆಗೆ ಹಿಡಿಯಬೇಕು, ಪರೀಕ್ಷೆಯ ಗ್ರಾಂ ಲೆಕ್ಕ ಚೀಟಿಯ ಮೇಲೆಯೇ ಮುದ್ರಣವಾಗಬೇಕು, ಒಮ್ಮೆ ಬರೆದದ್ದನ್ನು ತಿದ್ದಿದರೆ ಹಳೆಯ ಅಂಕಿಯೂ ತಿದ್ದಿದವರ ಹೆಸರೂ ಉಳಿಯಬೇಕು. ಆ ಹಂಗಾಮಿನ ಚೀಟಿಗಳನ್ನೆಲ್ಲ ಮತ್ತೆ ತೆಗೆದು, ಅರ್ಧಕ್ಕೆ ಇಳಿದಿದ್ದವರ ವ್ಯತ್ಯಾಸವನ್ನು ಅವರವರ ಖಾತೆಗೆ ಜಮೆ ಮಾಡಲು ಮುಂದಿನ ಎರಡು ವಾರ ಹಿಡಿಯಿತು.

ರಾತ್ರಿಯ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಮೂವತ್ತೊಂದು ನಿಯಮಗಳಿದ್ದವು. ಪ್ರತಿ ನಿಯಮದ ಕೆಳಗೆ ಹಳೆಯ ಚೀಟಿಯಿಂದ ಎತ್ತಿದ ಒಂದು ಉದಾಹರಣೆ, ಬರಬೇಕಾದ ಮೊತ್ತ ಪೈಸೆಯವರೆಗೆ. ವಿವರಣೆಗಿಂತ ಈ ಉದಾಹರಣೆಗಳೇ ಹೆಚ್ಚು ಕೆಲಸ ಮಾಡಿದವು ಎಂಬುದು ನನ್ನ ಅನುಭವ. ವಾಕ್ಯವನ್ನು ಎರಡು ಬಗೆಯಲ್ಲಿ ಓದಬಹುದು, 1,82,281.44 ಎಂಬುದನ್ನು ಓದಲಾಗದು. ಬೆಳೆಗಾರರ ಹೆಸರು, ಫೋನ್, ಬ್ಯಾಂಕ್ ಖಾತೆ ಯಾವುದನ್ನೂ ಎಐಗೆ ಕೊಡಬಾರದೆಂದು ಅವಳು ಎಲ್ಲ ಕಡೆ ‘ಬೆಳೆಗಾರ ಒಂದು’, ‘ಬೆಳೆಗಾರ ಎರಡು’ ಎಂದು ಬದಲಾಯಿಸಿದಳು. ಕೊನೆಗೆ ತಾನೇ ಒಂದು ಸಾಲು ಸೇರಿಸಿದಳು: ಈ ನಿಯಮಗಳಲ್ಲಿ ಉತ್ತರವಿಲ್ಲದ ಸಂದರ್ಭ ಬಂದರೆ ಊಹಿಸಬಾರದು, ನಿಲ್ಲಿಸಿ ಮಾಲೀಕರನ್ನು ಕೇಳಬೇಕು. ಅದೇ ಎಐ ಅದೇ ಕೆಲಸವನ್ನು ಹೊಸದಾಗಿ ಮಾಡಿತು. ಅರ್ಧಕ್ಕೆ ಇಳಿಸಿದ್ದ ಒಂಬತ್ತು ಚೀಟಿಗಳ ಮೊತ್ತವನ್ನು ಹೊಸ ನಿಯಮದಂತೆ ತಿದ್ದಿಕೊಂಡು ಹೋಲಿಸಿದಾಗ, ಮೊದಲ ಸುತ್ತಿನಲ್ಲಿ ನಲವತ್ತರಲ್ಲಿ ಮೂವತ್ತಾರು ಹೊಂದಿದವು. ಉಳಿದ ನಾಲ್ಕರಲ್ಲಿ ಮೂರು ನನ್ನ ಕೈಲೆಕ್ಕದ ತಪ್ಪುಗಳು. ಒಂದು ಮಾತ್ರ, ಗೋಣಿಯ ತೂಕವನ್ನು ಎರಡು ಸಲ ಕಳೆದಿದ್ದು, ಅದರದ್ದು.

ಈ ಜನವರಿಯಲ್ಲಿ ರೊಬಸ್ಟಾ ಕೊಯ್ಲು ಆರಂಭವಾಗಿ ಚೀಟಿಗಳು ಹೊಸ ರೀತಿಯಲ್ಲಿ ಹೊರಬರತೊಡಗಿದವು. ಮೂರನೆಯ ವಾರ ಯುವಕನೊಬ್ಬ ಬಂದು, ಅಪ್ಪ ಇಟ್ಟಿದ್ದ ಕಾಫಿಗೆ ದರ ಮಾಡಿಸಬೇಕು, ಅಪ್ಪ ಡಿಸೆಂಬರ್‌ನಲ್ಲಿ ತೀರಿಕೊಂಡರು ಎಂದ. ರೈಟರು ಖಾತೆಯಲ್ಲಿ ಅದನ್ನು ಗುರುತಿಸಿದೊಡನೆ ಪರದೆ ನಿಂತಿತು: ಈ ಖಾತೆಗೆ ದರ ನಿಗದಿ ಮಾಡುವ ಅಧಿಕಾರ ಯಾರದ್ದು ಎಂಬುದಕ್ಕೆ ನಿಯಮವಿಲ್ಲ, ಮಾಲೀಕರನ್ನು ಕೇಳಿ. ಹಿಂದಿನ ವರ್ಷವಾಗಿದ್ದರೆ ಮುಖಪರಿಚಯದ ಮೇಲೆ ಅವನ ಕೈಗೇ ಹಣ ಕೊಟ್ಟು ಕಳಿಸುತ್ತಿದ್ದೆ. ಅವನನ್ನು ಕೂರಿಸಿ, ಕಾಫಿ ತರಿಸಿ, ನೋಟ್‌ಬುಕ್ ತೆಗೆದು 32 ಎಂದು ಬರೆದೆ. ಮುಂದಿನ ವಾಕ್ಯ ಬರೆಯುವ ಮೊದಲು ಅವನ ತಾಯಿಯನ್ನೂ ತಂಗಿಯನ್ನೂ ಕಂಡು ಮಾತನಾಡಬೇಕಿತ್ತು.