ಶಾಲೆಯ ಹಿಂದಿನ ಗೇಟು

ನನ್ನ ಅಕ್ಷರ ಚೆನ್ನಾಗಿದೆ. ಜಂಬ ಕೊಚ್ಚಿಕೊಳ್ಳುತ್ತಿಲ್ಲ, ಮುಂದಿನದೆಲ್ಲ ಆದದ್ದೇ ಇದರಿಂದ. ಬೇಕರಿಯ ಗಾಜಿನ ಮೇಲೆ ‘ಬಿಸಿ ದಿಲ್‌ಪಸಂದ್ ರೆಡಿ’ ಅಂತ ಬರೆಯುವವನು ನಾನೇ. ಬೀದಿಯಲ್ಲಿ ಯಾರಿಗೆ ಅರ್ಜಿ ಬೇಕಾದರೂ ಬಿಳಿ ಹಾಳೆ ಹಿಡಿದು ನಮ್ಮ ಕೌಂಟರಿಗೇ ಬರುತ್ತಾರೆ. ನಲ್ಲಿ ನೀರು, ಬೀದಿ ದೀಪ, ರೇಷನ್ ಕಾರ್ಡು. 2017ರ ಜೂನ್‌ನಲ್ಲಿ ಬಂದದ್ದು ಬಾರ್ ಬೇಡ ಎನ್ನುವ ಅರ್ಜಿ.

ಚಿಕ್ಕಮಗಳೂರಿನಲ್ಲಿ ನಮ್ಮದು ಮನೆಗಳೇ ಜಾಸ್ತಿ ಇರುವ ಬೀದಿ. ಒಂದು ಸರ್ಕಾರಿ ಶಾಲೆ, ಒಂದು ಹಿಟ್ಟಿನ ಗಿರಣಿ, ನನ್ನ ಬೇಕರಿ. ಸಂಜೆ ಏಳಾದರೆ ಬೇಕರಿ ಪಕ್ಕದಲ್ಲಿ ಒಂದು ಎಗ್ ರೈಸ್ ಗಾಡಿ. ಅದರ ಹುಡುಗ ಕಡೂರು ಕಡೆಯವನು. ನನ್ನ ಮೀಟರಿನಿಂದಲೇ ಒಂದು ಬಲ್ಬಿಗೆ ಕರೆಂಟು ಎಳೆದುಕೊಂಡಿದ್ದ. ಬೆಂಗಳೂರಿಂದ ತಡವಾಗಿ ಬಸ್ಸಿಳಿದವರು ಅವನ ಹತ್ತಿರ ತಿಂದು, ನನ್ನ ಹತ್ತಿರ ಬ್ರೆಡ್ಡು ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು. ಎದುರಿಗೆ ಹಿಂದೆ ಕಾಫಿ ಮೂಟೆ ತುಂಬಿಡುತ್ತಿದ್ದ ಒಂದು ಗೋಡೌನು. ಆರೇಳು ವರ್ಷದಿಂದ ಬೀಗ. ಜೂನ್ ಮೊದಲ ವಾರ ಅದರ ಬೀಗ ತೆಗೆದರು. ಮಳೆ ಸುರಿಯುತ್ತಿದ್ದರೂ ಒಳಗೆ ಬಣ್ಣ ಹೊಡೆದರು. ಹಿಂದುಗಡೆ ಸಾಲಾಗಿ ಮೂತ್ರಿ ಕಟ್ಟಲು ಇಟ್ಟಿಗೆ ಬಂತು. ಅದನ್ನು ನೋಡಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಇದಕ್ಕೆಲ್ಲ ಕಾರಣ ದೆಹಲಿಯಲ್ಲಿತ್ತು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ತೀರ್ಪು ಕೊಟ್ಟಿತ್ತು. ಜನಸಂಖ್ಯೆ 20,000 ಮೀರದ ಊರುಗಳಿಗೆ ಆಮೇಲೆ ಅದನ್ನು 220 ಮೀಟರ್‌ಗೆ ಇಳಿಸಿದರು. ನಮ್ಮೂರಿನದು ಲಕ್ಷ ದಾಟಿದೆ, ಹಾಗಾಗಿ ನಮಗೆ 500 ಮೀಟರೇ. ನಮ್ಮ ರಾಜ್ಯದಲ್ಲಿ ಅಬಕಾರಿ ವರ್ಷ ಮುಗಿಯುವುದು ಜೂನ್ 30ಕ್ಕೆ. ಅಷ್ಟರೊಳಗೆ ನಮ್ಮೂರಿನ ಹೆದ್ದಾರಿಯಾದ ಕೆ.ಎಂ. (ಕಡೂರು-ಮಂಗಳೂರು) ರಸ್ತೆಯ ಬಾರಿನವರೆಲ್ಲ ಬೇರೆ ಜಾಗ ಹುಡುಕಬೇಕಿತ್ತು. ಹುಡುಕುತ್ತಾ ಹುಡುಕುತ್ತಾ ಒಬ್ಬರು ನಮ್ಮ ಬೀದಿಗೆ ಬಂದಿದ್ದರು.

ನಾನು ಮದ್ಯ ಮುಟ್ಟದವನೇನಲ್ಲ. ಮಳೆಗಾಲದಲ್ಲಿ ಒಂದೆರಡು ಬಿಯರ್ ಕುಡಿಯುತ್ತೇನೆ. ಕುಡಿದಿದ್ದೂ ಅದೇ ಬಾರಿನಲ್ಲಿ. ಆದರೆ ಅದು ಕೆ.ಎಂ. ರಸ್ತೆಯಲ್ಲಿದ್ದಾಗ ನನಗೆ ಸರಿ, ನನ್ನ ಮಗಳು ಟ್ಯೂಷನ್ ಮುಗಿಸಿ ಬರುವ ದಾರಿಯಲ್ಲಾದರೆ ಸರಿಯಲ್ಲ. ಇದರಲ್ಲಿ ಸ್ವಲ್ಪ ಆತ್ಮವಂಚನೆ ಇದೆ ಅಂತ ಆಗಲೂ ಗೊತ್ತಿತ್ತು. ಆದರೂ ಬರೆದೆ.

ಬರೆಯುವಾಗ ಕೈ ಸ್ವಲ್ಪ ಉದ್ದವಾಯಿತು. ಶಾಲೆ ಇದೆ, ಹೆಣ್ಣುಮಕ್ಕಳು ಓಡಾಡುತ್ತಾರೆ, ವಯಸ್ಸಾದವರಿದ್ದಾರೆ, ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಕೊನೆಗೆ ಗಟ್ಟಿಯಾಗಿ ಒಂದು ಸಾಲು ಇರಲಿ ಅಂತ ಸೇರಿಸಿದೆ: ‘ರಾತ್ರಿ ಹತ್ತು ಗಂಟೆಯ ನಂತರ ಈ ಬೀದಿಯಲ್ಲಿ ಯಾವುದೇ ವ್ಯಾಪಾರ ನಡೆಯದಂತೆ ಕ್ರಮ ಕೈಗೊಳ್ಳಬೇಕು.’ ಓದಿ ಹೇಳಿದಾಗ ಎಲ್ಲರೂ ಭೇಷ್ ಎಂದರು. ಸಹಿ ಹಾಕಿಸಲು ಹೆಂಗಸರು ಮನೆ ಮನೆಗೆ ಹೋದರು. ಗಿರಣಿ ಹಿಂದಿನ ಮನೆಯ ಅಜ್ಜಿ ಹೆಬ್ಬೆಟ್ಟು ಒತ್ತುತ್ತಾ, “2007ರಲ್ಲಿ ಸಾರಾಯಿ ನಿಲ್ಲಿಸಿದ್ರಲ್ಲ, ಆಗ್ಲೂ ನಾನು ಒತ್ತಿದ್ದೆ. ನಮ್ಮೆಜಮಾನ್ರು ಸಾರಾಯಿ ಬಿಟ್ರು. ಜಾಸ್ತಿ ದುಡ್ಡು ಕೊಟ್ಟು ಬ್ರಾಂದಿ ಶುರು ಮಾಡಿದ್ರು” ಎಂದರು. ಎಗ್ ರೈಸ್ ಹುಡುಗನೂ ಸಹಿ ಹಾಕಿದ. ಓದಲಿಲ್ಲ. ನಾನು ಬರೆದದ್ದು ಅಂದ ಮೇಲೆ ಓದುವುದೇನು ಅಂದ.

ಅರ್ಜಿ ಹಿಡಿದು ಹದಿನೈದು ಜನ ವಾರ್ಡಿನ ಸದಸ್ಯರ ಮನೆಗೆ ಹೋದೆವು. ಅವರು ಕಾಫಿ ಕೊಟ್ಟು ಕೂರಿಸಿ, ಪೂರ್ತಿ ಓದಿದರು.

“ಬಾರ್ ಲೈಸೆನ್ಸು ನಮ್ಮ ಕೈಲಿಲ್ಲ ಮಾರಾಯ್ರೆ” ಎಂದರು.

ನಗರಸಭೆ ಎಂದರೆ ಊರಿನದೆಲ್ಲವನ್ನೂ ಅದೇ ತೀರ್ಮಾನ ಮಾಡುತ್ತದೆ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಅರ್ಜಿಯ ಪರಿಶೀಲನೆ ಅಬಕಾರಿ ಇಲಾಖೆಯದು, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಕಾನೂನು 1965ರದು. ಪಾರ್ಸೆಲ್ ಕೊಡುವ ವೈನ್ ಶಾಪ್ ಎಂದರೆ ಸಿ.ಎಲ್.-2, ಕೂತು ಕುಡಿಯುವ ಬಾರ್ ಎಂದರೆ ಸಿ.ಎಲ್.-9, ಲಾಡ್ಜ್ ಇರುವ ಹೋಟೆಲಿನದು ಸಿ.ಎಲ್.-7. ಮೊದಲ ಎರಡನ್ನು ಹೊಸದಾಗಿ ಕೊಡುವುದನ್ನು ಸರ್ಕಾರ 1992ರಲ್ಲೇ ನಿಲ್ಲಿಸಿಬಿಟ್ಟಿತ್ತು. ಹಾಗಾಗಿ ಇರುವ ಲೈಸೆನ್ಸಿಗೆ ಚಿನ್ನದ ಬೆಲೆ. ಅದು ಕೈ ಬದಲಾಯಿಸುತ್ತದೆ, ಜಾಗ ಬದಲಾಯಿಸುತ್ತದೆ, ಸಾಯುವುದಿಲ್ಲ. “ದತ್ತ ಜಯಂತಿ ಬಂದಾಗ ನೋಡಿಲ್ವಾ? ಡಿ.ಸಿ. ಒಂದು ಆದೇಶ ಹೊರಡಿಸಿದ್ರೆ ಬಾರೆಲ್ಲ ಬಂದ್. ನಾವು ಹತ್ತು ನಿರ್ಣಯ ಮಾಡಿದ್ರೂ ಅದು ಬರೀ ಕಾಗದ” ಎಂದರು. ಆದರೂ ಸಭೆಯಲ್ಲಿ ವಿಷಯ ಎತ್ತುತ್ತೇನೆ, ಬಾರ್ ಬೇಡ ಅಂತ ನಿರ್ಣಯ ಮಾಡಿಸಿ ಕಳಿಸುತ್ತೇನೆ ಎಂದರು. ಮಾಡಿಸಿದರು ಕೂಡ. ಅರ್ಜಿಯ ಒಂದು ಪ್ರತಿ ನಗರಸಭೆಯ ಫೈಲಿಗೆ ಸೇರಿತು. ಆ ಪ್ರತಿಯ ಬಗ್ಗೆ ನಾನು ಆಮೇಲೆ ಯೋಚಿಸಲೇ ಇಲ್ಲ.

ಏಳುವಾಗ ಅವರು ಒಂದು ಮಾತು ಹೇಳಿದರು. “ನೀವು ಭಾವನೆ ಗೀವನೆ ಬಿಡಿ. ಶಾಲೆ ಎಷ್ಟು ದೂರ ಇದೆ ನೋಡಿ. ನೂರು ಮೀಟರ್ ಒಳಗಿದ್ರೆ ಗೆದ್ರಿ.”

ನಿಯಮ ಹೀಗಿದೆ. ಶಾಲೆ, ಗುಡಿ, ಮಸೀದಿ, ಚರ್ಚು, ಆಸ್ಪತ್ರೆ, ಸರ್ಕಾರಿ ಕಚೇರಿ, ಇವುಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ಕೇರಿಗೂ ಈ ರಕ್ಷಣೆ ಉಂಟು. ‘ಮನೆಗಳಿರುವ ಬೀದಿ’ ಎನ್ನುವುದಕ್ಕೆ ಮಾತ್ರ ಆ ಪಟ್ಟಿಯಲ್ಲಿ ಜಾಗವಿಲ್ಲ. ಇದು ತಿಳಿದಾಗ ನಮಗೆ ಆಶ್ಚರ್ಯವಾಯಿತು. ಒಂದು ಕಡೆ ಹೆದ್ದಾರಿಯಿಂದ 500 ಮೀಟರ್, ಇನ್ನೊಂದು ಕಡೆ ಶಾಲೆ ಗುಡಿಗಳಿಂದ 100 ಮೀಟರ್ ಬಿಟ್ಟರೆ ನಮ್ಮಂಥ ಊರಲ್ಲಿ ಉಳಿಯುವುದೇ ಜನ ಮಲಗುವ ಬೀದಿಗಳು.

ಅಳತೆಗೆ ಬಂದದ್ದು ಜೂನ್ ಕೊನೆಯ ವಾರ, ಒಂದು ಬುಧವಾರ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಹನ್ನೊಂದರ ಹೊತ್ತಿಗೆ ಅಬಕಾರಿ ಜೀಪು ಬಂತು. ಇನ್‌ಸ್ಪೆಕ್ಟರ್, ಇಬ್ಬರು ಗಾರ್ಡು, ಒಂದು ಮೂವತ್ತು ಮೀಟರಿನ ಟೇಪು. ಹಿಂದೆಯೇ ಸ್ಕೂಟರಿನಲ್ಲಿ ರೇನ್‌ಕೋಟ್ ಹಾಕಿಕೊಂಡು ಬಾರಿನ ಮಾಲೀಕರು ಬಂದರು. ನನ್ನ ಗುರುತು ಹಿಡಿದು ನಕ್ಕರು. ನಾನು ಖಾರ ಬನ್ನಿನ ಟ್ರೇ ಸರಿಮಾಡುವವನಂತೆ ಬಗ್ಗಿದೆ.

ಬೀದಿಯವರೆಲ್ಲ ಕೊಡೆ ಹಿಡಿದು ಹೊರಗೆ ಬಂದಿದ್ದರು. ಅಳತೆ ಹೇಗೆ ಎಂದು ಇನ್‌ಸ್ಪೆಕ್ಟರ್ ಮೊದಲೇ ಹೇಳಿದರು. ಅಂಗಡಿ ಬಾಗಿಲಿನ ನಡುವಿನಿಂದ ಹಿಡಿದು ಶಾಲೆಯ ಹತ್ತಿರದ ಗೇಟಿನ ನಡುವಿನವರೆಗೆ. ಹಕ್ಕಿ ಹಾರಿದ ಹಾಗಲ್ಲ, ಜನ ಮಾಮೂಲಿಯಾಗಿ ನಡೆಯುವ ದಾರಿಯಲ್ಲಿ. ಒಬ್ಬ ಗಾರ್ಡು ಟೇಪಿನ ತುದಿ ಹಿಡಿದು ನಿಂತ, ಇನ್ನೊಬ್ಬ ಎಳೆದುಕೊಂಡು ಹೋದ. ಮೂವತ್ತಾದಾಗ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಮಳೆಗೆ ಗೆರೆ ಅಳಿಸಿತು. ನಾನು ಓಡಿಹೋಗಿ ಒಂದು ರಸ್ಕಿನ ಡಬ್ಬದ ಮುಚ್ಚಳ ತಂದು ಗುರುತಿಗೆ ಇಟ್ಟೆ. ಮೂವತ್ತು, ಅರವತ್ತು, ತೊಂಬತ್ತು. ಗಿರಣಿ ದಾಟಿ, ತಿರುವು ದಾಟಿ ಶಾಲೆಯ ದೊಡ್ಡ ಗೇಟು ಮುಟ್ಟಿದಾಗ 127 ಮೀಟರ್.

ಯಾರೂ ಮಾತಾಡಲಿಲ್ಲ. ಬಾರಿನವರು ರೇನ್‌ಕೋಟಿನ ಟೋಪಿ ತೆಗೆದು ತಲೆ ಒರೆಸಿಕೊಂಡರು. ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು. “ಹದಿನೆಂಟು ವರ್ಷದಿಂದ ಅಲ್ಲೇ ಇದ್ದೆ ಸಾರ್. ರಸ್ತೆ ಅಗಲ ಮಾಡ್ಕೊಂಡು ಅವರೇ ನನ್ನ ಪಕ್ಕ ಬಂದ್ರು. ನಾನೇನು ಹೆದ್ದಾರಿ ಹುಡುಕ್ಕೊಂಡು ಹೋದೋನಲ್ಲ. ಒಂಬತ್ತು ಜನ ಹುಡುಗ್ರು ಕೆಲಸಕ್ಕಿದ್ದಾರೆ.” ಸುಳ್ಳು ಹೇಳುವ ಮುಖವಲ್ಲ ಅದು. ಏನು ಹೇಳುವುದು ತಿಳಿಯದೆ ನಾನು ತಲೆಯಾಡಿಸಿದೆ.

ಆಗ ಬಂದವರು ಬಿಸಿಯೂಟದ ಅಕ್ಕ. ಕೈಯಲ್ಲಿ ಸೊಪ್ಪಿನ ಕಟ್ಟು. “ಏನು, ಎಲ್ಲಾ ಮಳೇಲಿ ನಿಂತಿದ್ದೀರಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಗಿರಣಿ ಪಕ್ಕದ ಸಂದಿಯೊಳಗೆ ನುಗ್ಗಿದರು.

ನಿವೃತ್ತ ಮೇಷ್ಟ್ರೊಬ್ಬರು ಅದನ್ನು ನೋಡಿ ಕೂಗಿದರು. “ಸಾರ್, ಹಿಂದಿನ ಗೇಟು!”

ಅಡುಗೆ ಮನೆ ಪಕ್ಕ ಒಂದು ಸಣ್ಣ ಕಬ್ಬಿಣದ ಗೇಟು ಇದೆ. ನಮ್ಮ ಯಾರ ತಲೆಗೂ ಅದು ಬಂದಿರಲಿಲ್ಲ. ಎಲ್ಲರೂ ಸಂದಿಗೆ ನುಗ್ಗಿದೆವು. ಕೊಡೆಗಳು ಒಂದಕ್ಕೊಂದು ಸಿಕ್ಕಿಕೊಂಡವು. ನಾವು ಹೋಗುವಷ್ಟರಲ್ಲಿ ಅಕ್ಕ ಒಳಗೆ ಹೋಗಿ ಬೀಗ ಹಾಕಿಕೊಂಡಿದ್ದರು. ಇನ್‌ಸ್ಪೆಕ್ಟರ್ ಬೀಗ ನೋಡಿದರು, ನಮ್ಮನ್ನು ನೋಡಿದರು.

“ಇದು ಮುಚ್ಚಿರೋ ಗೇಟಲ್ವಾ? ಜನ ಓಡಾಡೋ ದಾರಿ ಅಂತ ಹೇಗೆ ಬರೆಯೋದು?”

ಮುಖ್ಯೋಪಾಧ್ಯಾಯಿನಿ ಬಂದರು. ಮಕ್ಕಳು ಊಟದ ಹೊತ್ತಲ್ಲಿ ಹೊರಗೆ ಓಡುತ್ತಾರೆ ಎಂದು ಬೀಗ ಹಾಕುವುದು, ಬೆಳಿಗ್ಗೆ ಸಂಜೆ ತೆಗೆದಿರುತ್ತದೆ ಎಂದರು. ಬಾರಿನವರು “ಇವತ್ತಿಗೋಸ್ಕರ ಹೇಳ್ತಿದ್ದೀರಿ ಮೇಡಂ” ಎಂದರು. ಒಳಗಿಂದ ಅಕ್ಕ ಸೌಟು ಹಿಡಿದೇ ಬಂದರು. “ಒಂಬತ್ತು ವರ್ಷದಿಂದ ಈ ಗೇಟಲ್ಲೇ ಬರ್ತಿದ್ದೀನಿ. ಗ್ಯಾಸ್ ಸಿಲಿಂಡ್ರು ಇಲ್ಲೇ ಬರುತ್ತೆ. ಅಕ್ಕಿ ಮೂಟೆ ಇಲ್ಲೇ ಬರುತ್ತೆ. ಆ ಕಡೆ ಮನೆ ಮಕ್ಕಳು ನೂರು ಜನ ಇಲ್ಲೇ ಬರ್ತಾರೆ. ನಾವು ಜನ ಅಲ್ವಾ ಸಾರ್?” ಇನ್‌ಸ್ಪೆಕ್ಟರಿಗೂ ನಗು ಬಂತು. ಗಾರ್ಡಿಗೆ ಟೇಪು ಹಿಡಿಯಲು ಹೇಳಿದರು. ಸಂದಿಯಲ್ಲಿ ಮೊಣಕಾಲಿನವರೆಗೆ ಕಳೆ ಗಿಡ. ನಡುವಿನ ಕಾಲುದಾರಿ ಮಾತ್ರ ತುಳಿದು ತುಳಿದು ಬೋಳಾಗಿತ್ತು. ಅದರ ಮೇಲೇ ಟೇಪು ಹೋಯಿತು.

91 ಮೀಟರ್, ಮೇಲೆ ಸ್ವಲ್ಪ.

ಎರಡೂ ಅಳತೆ ಬರೆದುಕೊಂಡು, ಮಹಜರಿಗೆ ನಾಲ್ಕು ಜನರ ಸಹಿ ಹಾಕಿಸಿ ಹೋದರು. ನಾವು ಗೆದ್ದೆವು ಎಂದೇ ಮಾತಾಡಿಕೊಂಡೆವು. ನಾನು ಎಲ್ಲರಿಗೂ ಬೆಣ್ಣೆ ಬಿಸ್ಕತ್ತು ಹಂಚಿದೆ. ಬಾರಿನವರಿಗೂ ಕೊಟ್ಟೆ. ತೆಗೆದುಕೊಂಡರು.

ಆಮೇಲಿನದು ಬೇಗ ಮುಗಿಯಿತು. ಜುಲೈ 1ರಿಂದ ಜಿ.ಎಸ್.ಟಿ. ಬಂತು. ಬ್ರೆಡ್ಡಿಗೆ ತೆರಿಗೆ ಇಲ್ಲ, ಕೇಕಿಗೆ 18 ಪರ್ಸೆಂಟು, ರಸ್ಕಿಗೆ ಬೇರೆ ಲೆಕ್ಕ ಅಂತ ನಾನು ಅದರಲ್ಲೇ ಮುಳುಗಿದ್ದೆ. (ಕುಡಿಯುವ ಮದ್ಯವನ್ನು ಜಿ.ಎಸ್.ಟಿ. ಒಳಗೆ ತರಲೇ ಇಲ್ಲ, ಅದು ರಾಜ್ಯಗಳ ಕೈಯಲ್ಲೇ ಉಳಿಯಿತು. ಕೇಕ್ ಮಾಡುವವನಿಗೆ ಇದು ಸ್ವಲ್ಪ ಉರಿಯುವ ವಿಷಯ.) ಜುಲೈ 11ಕ್ಕೆ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತು. ಪಟ್ಟಣದ ಮಿತಿಯೊಳಗಿನ ಲೈಸೆನ್ಸುಗಳಿಗೆ ತನ್ನ ಹಿಂದಿನ ಆದೇಶ ಅಡ್ಡಿಯಲ್ಲ ಎಂದು. ಬಾರಿನವರು ಹಳೇ ಜಾಗಕ್ಕೇ ವಾಪಸು ಹೋಗಲು ಓಡಾಡತೊಡಗಿದರು. ಗೋಡೌನಿಗೆ ಮತ್ತೆ ಬೀಗ ಬಿತ್ತು. 91 ಆಗಲಿ 127 ಆಗಲಿ, ಯಾರಿಗೂ ಬೇಕಾಗಲಿಲ್ಲ. ನಾವು ಹಿಡಿದ ಕೊಡೆ, ಅಕ್ಕನ ಸೌಟು, ರಸ್ಕಿನ ಮುಚ್ಚಳ, ಎಲ್ಲಾ ಸುಮ್ನೆ.

ಸುಮ್ನೆ ಹೋಗದೇ ಉಳಿದದ್ದು ಅರ್ಜಿಯ ಆ ಒಂದು ಪ್ರತಿ.

ಆಗಸ್ಟಿನಲ್ಲಿ ನಗರಸಭೆಯ ಆರೋಗ್ಯ ನಿರೀಕ್ಷಕರು ಬಂದರು. ಒಳ್ಳೆಯ ಮನುಷ್ಯ. ನನ್ನ ಉದ್ದಿಮೆ ಪರವಾನಗಿ ನೋಡಿದರು, ಸರಿಯಾಗಿತ್ತು. ಆಮೇಲೆ ಫೈಲಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟರು. ದುಂಡನೆಯ, ಅಚ್ಚುಕಟ್ಟಾದ ಅಕ್ಷರ. ರಾತ್ರಿ ಹತ್ತು ಗಂಟೆಯ ನಂತರ ಈ ಬೀದಿಯಲ್ಲಿ ಯಾವುದೇ ವ್ಯಾಪಾರ. “ನೀವೇ ಕೇಳಿದ್ದೀರಲ್ಲ, ನೂರ ನಲವತ್ತು ಚಿಲ್ಲರೆ ಸಹಿ ಇದೆ” ಎಂದರು. ಬಾರಿನ ಲೈಸೆನ್ಸು ಅವರ ಕೈಯಲ್ಲಿರಲಿಲ್ಲ. ಬೇಕರಿ, ಗಾಡಿ ಅವರ ಕೈಯಲ್ಲಿತ್ತು. ಅದು ನಾವು ಬಾರಿಗೆ ಬರೆದದ್ದು ಸಾರ್ ಎಂದೆ. ಹಾಗಂತ ಇದರಲ್ಲಿ ಎಲ್ಲಿದೆ ತೋರಿಸಿ ಎಂದರು. ಹುಡುಕಿದೆ. ಆ ಸಾಲಿನಲ್ಲಿ ಇರಲಿಲ್ಲ.

ಬೇಕರಿ ಹತ್ತಕ್ಕೆ ಮುಚ್ಚತೊಡಗಿದೆ. ನನಗೆ ಅಂಥ ನಷ್ಟವೇನಿಲ್ಲ. ಎಗ್ ರೈಸಿನ ವ್ಯಾಪಾರ ಶುರುವಾಗುವುದೇ ಒಂಬತ್ತೂವರೆಗೆ. ಹುಡುಗ ನಾಲ್ಕು ದಿನ ನೋಡಿದ, ಐದನೇ ದಿನ ವೈರು ಸುತ್ತಿ ಬಲ್ಬು ಕಳಚಿದ. ಯಾರು ದೂರು ಕೊಟ್ಟದ್ದು ಅಣ್ಣ ಅಂತ ಕೇಳಿದ. ಬೀದಿಯವರು ಎಂದೆ. ಗಾಡಿ ತಳ್ಳಿಕೊಂಡು ಹೋಗಿ ಕೆ.ಎಂ. ರಸ್ತೆಯಲ್ಲಿ ಅದೇ ಬಾರಿನ ಪಕ್ಕ ನಿಲ್ಲಿಸಿದ. ಬಾರು ಮುಚ್ಚುವುದು ಹನ್ನೊಂದೂವರೆಗೆ. ವ್ಯಾಪಾರ ಚೆನ್ನಾಗಿದೆ ಎಂದು ಕೇಳಿದೆ.

ಬಹಳ ದಿನ ಆ ಕಡೆ ಹೋಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಒಂದು ರಾತ್ರಿ ಸ್ನೇಹಿತರ ಜೊತೆ ಹೋದೆ. ಬಾರಿನಿಂದ ಹೊರಗೆ ಬಂದರೆ ಎದುರಿಗೇ ಗಾಡಿ. ತಪ್ಪಿಸಿಕೊಳ್ಳಲು ಆಗಲಿಲ್ಲ. ಕೇಳದೆಯೇ ಡಬಲ್ ಎಗ್ ಹಾಕಿ ಪ್ಲೇಟು ಕೊಟ್ಟ. ತಿನ್ನುವಾಗ ನಾನೇ ಹೇಳಿಬಿಟ್ಟೆ, ಆ ಸಾಲು ಬರೆದದ್ದು ನಾನು ಅಂತ. ಬಿಯರಿನ ಧೈರ್ಯ.

“ಗೊತ್ತಣ್ಣ” ಎಂದ. ಈರುಳ್ಳಿ ಹೆಚ್ಚುವುದು ನಿಲ್ಲಿಸಲಿಲ್ಲ. “ನಾನೂ ಸೈನ್ ಹಾಕಿದ್ನಲ್ಲ.”

ಆಮೇಲೆ ಒಲೆ ಸಣ್ಣಗೆ ಮಾಡಿ, ಗಾಡಿ ಕೆಳಗಿನ ಪ್ಲಾಸ್ಟಿಕ್ ಚೀಲದಿಂದ ಒಂದು ಬಿಳಿ ಹಾಳೆ ತೆಗೆದ. ಮಡಿಕೆಯ ಮೇಲೆ ಎಣ್ಣೆ ಕಲೆ. ಬೀದಿ ವ್ಯಾಪಾರಿಗಳಿಗೆ ಅಂತ 2014ರಲ್ಲಿ ಕಾಯ್ದೆ ಬಂದಿದೆಯಂತೆ, ಗುರುತಿನ ಚೀಟಿ ಕೊಡುತ್ತಾರಂತೆ, ಆಮೇಲೆ ಹೇಗೆಂದರೆ ಹಾಗೆ ಎಬ್ಬಿಸುವ ಹಾಗಿಲ್ಲವಂತೆ. “ಒಂದು ಅರ್ಜಿ ಬರ್ಕೊಡಣ್ಣ. ನಿಮ್ಮ ಅಕ್ಷರ ಚೆನ್ನಾಗಿದೆ.”

ಪ್ಲೇಟು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಗಾಡಿಯ ಬಲ್ಬಿನ ಕೆಳಗೆ ಹಾಳೆ ಬಿಡಿಸಿದೆ. ಯಾರ ಹೆಸರಿಗೆ ಬರೆಯಲಿ ಅಂತ ಕೇಳಿದೆ.

“ನಗರಸಭೆಗೇ ಅಣ್ಣ. ಇದು ಅವರ ಕೈಲೇ ಇದೆಯಂತೆ.”