ಒಂದು ಉಣುಗು, ಎರಡು ಜ್ವರ

ಜುಲೈ 12, 2025, ಶನಿವಾರ
ಕನೆಕ್ಟಿಕಟ್, ಅಮೆರಿಕ

ಬೆಳಿಗ್ಗೆ ಇವರು ತಾವಾಗೇ ಎದ್ದು ಬಂದು ಕಾಫಿ ಕೇಳಿದರು. ಹನ್ನೊಂದು ದಿನದ ಮೇಲೆ! ಡಿಕಾಕ್ಷನ್ ಬಗ್ಗಿಸುವಾಗ ಅರ್ಧ ಕಟ್ಟೆ ಮೇಲೇ ಚೆಲ್ಲಿದೆ.

ಶುರುವಾಗಿದ್ದು ತೊಡೆಯ ಹಿಂದಿನ ಒಂದು ಕೆಂಪು ಕಲೆಯಿಂದ. ಅಂಗೈ ಅಗಲ, ಸುತ್ತ ಬಳೆಯ ಹಾಗೆ ಗೆರೆ. ಜೊತೆಗೆ ಜ್ವರ. ಡಾಕ್ಟರು ನೋಡಿದ ಕೂಡಲೇ ಲೈಮ್ ಕಾಯಿಲೆ, ಉಣುಗು ಕಚ್ಚಿ ಬರೋದು, ಅಂದರು. ಅದಕ್ಕೆ ಹೆಸರು ಬಂದಿದ್ದೇ ನಮ್ಮ ರಾಜ್ಯದ ಲೈಮ್ ಅನ್ನೋ ಊರಿಂದ. ಡಾಕ್ಸಿಸೈಕ್ಲಿನ್ ಬರೆದುಕೊಟ್ಟರು. ಕಾಯಿಲೆ ಗೊತ್ತಾಯಿತು, ಮಾತ್ರೆ ಸಿಕ್ಕಿತು, ನಾನು ನಿರಾಳವಾಗಿ ಮಲಗಿದೆ.

ಮಾತ್ರೆ ಶುರು ಮಾಡಿ ಮೂರನೇ ದಿನವೂ ಜ್ವರ 103. ಈ ಸೆಕೆಯಲ್ಲಿ ಎರಡು ರಗ್ಗು ಹೊದಿಸಿದರೂ ಚಳಿಗೆ ಮಂಚ ಅಲ್ಲಾಡುತ್ತಿತ್ತು. ಆಮೇಲೆ ಬೆವರು, ದಿಂಬಿನ ಕವರ್ ಹಿಂಡುವಷ್ಟು. ಮೂತ್ರ ಕಡು ಟೀ ಬಣ್ಣ. ಫೋನ್ ಮಾಡಿದರೆ ಕ್ಲಿನಿಕ್ಕಿನವರು "ಮಾತ್ರೆ ಮುಗಿಸಿ, ಟೈಮ್ ಬೇಕು" ಅಂದರು. ನಾನೂ ತಲೆಯಾಡಿಸಿ ಸುಮ್ನಾದೆ, ಅದಕ್ಕೇ ಈಗ ಸಿಟ್ಟು. ಲೈಮ್‌ಗೆ ಸರಿಯಾದ ಔಷಧಿ ಬಿದ್ದು ಎರಡು ದಿನವಾದರೂ ಜೋರು ಜ್ವರ ಇಳಿಯದಿದ್ದರೆ, ಜೊತೆಗೆ ಇನ್ನೊಂದು ಸೇರಿಕೊಂಡಿದೆಯಾ ಅಂತ ಹುಡುಕಬೇಕಂತೆ.

ಐದನೇ ದಿನ ಎಮರ್ಜೆನ್ಸಿಗೆ ಕರೆದುಕೊಂಡು ಹೋದೆ. ರಕ್ತದ ಸ್ಮಿಯರ್, ಅಂದರೆ ಗಾಜಿನ ಮೇಲೆ ಸವರಿದ ರಕ್ತದ ಹನಿ, ನೋಡಿ ಬಂದ ಡಾಕ್ಟರು ಕೇಳಿದ್ದು, "ಇಂಡಿಯಾಕ್ಕೆ ಯಾವಾಗ ಹೋಗಿದ್ರಿ?" ಕೆಂಪು ರಕ್ತಕಣದೊಳಗೆ ಪುಟ್ಟ ಉಂಗುರಗಳು ಕಂಡಿದ್ದವಂತೆ, ಥೇಟ್ ಮಲೇರಿಯಾದ ಹಾಗೆ. ನಾವು ಊರಿಗೆ ಹೋಗಿ ನಾಲ್ಕು ವರ್ಷ! ಇನ್ನೊಂದು ಪರೀಕ್ಷೆ ಮಾಡಿ ಬೆಬೀಸಿಯಾ ಅನ್ನೋ ಪರಾವಲಂಬಿ ಜೀವಿ ಅಂತ ಹೇಳಿದರು. ಇದೂ ರಕ್ತಕಣದೊಳಗೆ ಬೆಳೆದು ಅದನ್ನೇ ಒಡೆಯುತ್ತದೆ. ಡಾಕ್ಸಿಸೈಕ್ಲಿನ್ ಇದಕ್ಕೆ ನಾಟುವುದಿಲ್ಲ. ನಾವು ಒಂದಕ್ಕೆ ಮದ್ದು ಹಾಕುತ್ತಾ ಕೂತಿದ್ದೆವು, ಇನ್ನೊಂದು ಒಳಗೆ ಆರಾಮಾಗಿತ್ತು.

ಎರಡನ್ನೂ ಒಂದೇ ಉಣುಗು ತಂದಿರಬಹುದು. ಇಲ್ಲಿನ ಬಿಳಿ ಪಾದದ ಇಲಿಯ ಮೈಯಲ್ಲಿ ಎರಡೂ ಇರಬಹುದು. ಮರಿ ಉಣುಗು ಮೊದಲು ಅದರ ರಕ್ತ ಹೀರುತ್ತೆ, ಮುಂದಿನ ಊಟಕ್ಕೆ ನಮ್ಮನ್ನು ಹತ್ತುತ್ತೆ. ಆಗ ಅದು ಗಸಗಸೆ ಕಾಳಿನಷ್ಟೇ. ಹಿತ್ತಲ ಪೊದೆ ಸವರಲು ಹೋದ ಇವರಿಗೆ ಕಚ್ಚಿದ್ದೂ ಗೊತ್ತಿಲ್ಲ.

ಈಗ ಬೆಬೀಸಿಯಾಕ್ಕೆ ಅಂತ ಅಜಿತ್ರೊಮೈಸಿನ್, ಅಟೊವಾಕೋನ್ ಸೇರಿವೆ. ಅಟೊವಾಕೋನ್ ಗಟ್ಟಿ ಹಳದಿ ದ್ರವ, ನೀರಲ್ಲಿ ಕಲಸಿದ ಅರಿಶಿನದ ಹಾಗೆ ಚಮಚಕ್ಕೆ ಮೆತ್ತಿಕೊಳ್ಳುತ್ತೆ. ಜಿಡ್ಡಿನ ಊಟದ ಜೊತೆ ಕುಡಿದರೇ ಮೈಗೆ ಹತ್ತೋದು. ಕೊಲೆಸ್ಟರಾಲ್ ಅಂತ ನಾನು ಬಚ್ಚಿಟ್ಟ ತುಪ್ಪದ ಡಬ್ಬಿ ಈಗ ಟೇಬಲ್ ಮೇಲೆ. ಸಾರನ್ನಕ್ಕೆ ಎರಡು ಚಮಚ ಹಾಕಿಸಿಕೊಂಡು "ಡಾಕ್ಟರೇ ಹೇಳಿದ್ದು" ಅಂತಾರೆ.

ಸಂಜೆ ಸಾಗರಕ್ಕೆ ಫೋನ್ ಮಾಡಿದೆ. ಉಣುಗು ಅಂದಿದ್ದೇ ತಡ, "ಅಳಿಯಂದ್ರಿಗೆ ಮಂಗನ ಕಾಯಿಲೆ ಅಲ್ವಲ್ಲ?" ಅಂತ ಅಮ್ಮ. ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಕಂಡ ಕಾಯಿಲೆ ಅವಳಿಗೆ ಮನೆ ಮಾತು. ಅದು ವೈರಸ್ಸು, ಇಲ್ಲಿಲ್ಲ ಅಂದೆ. "ಇಲ್ಲಿ ಒಂದು ಬಂದ್ರೇ ಸಾಕಾಗುತ್ತೆ, ಅಲ್ಲೇನೇ ಜೋಡಿ ಜೋಡಿ ಬರೋದು?" ಅಂದಳು.

ಇವರಿಗೆ ಚಿಂತೆ ಬೇರೆ. ವರ್ಷಕ್ಕೆ ಮೂರು ಸಲ ರಕ್ತ ಕೊಡುತ್ತಿದ್ದವರು, ಇನ್ನು ಕನಿಷ್ಠ ಎರಡು ವರ್ಷ ಕೊಡೋ ಹಾಗಿಲ್ಲ.

ಸೋಮವಾರ ಮತ್ತೆ ಸ್ಮಿಯರ್. ಉಂಗುರ ಕಂಡರೆ ಇನ್ನೊಂದು ಹಳದಿ ಬಾಟಲಿ.