ಪಾರ್ಟ್ ಬಿಚ್ಚುವ ಮೊದಲು ಮೀಟರ್ ಹಿಡಿಯಿರಿ

ಗ್ಯಾರೇಜಿಗೆ ಬರುವ ಹೊಸಬರಿಗೆ ಕೆಲಸ ಕಲಿಸುವ ಜವಾಬ್ದಾರಿಯೂ ನನ್ನ ಮೇಲಿದೆ. ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರ ಕೈ ಚುರುಕು. ಬ್ರೇಕ್ ಪ್ಯಾಡ್ ಹಾಕುವುದು, ಆಯಿಲ್ ಬದಲಿಸುವುದು, ಬೆಲ್ಟ್ ಕೂರಿಸುವುದು ಇವೆಲ್ಲ ಬೇಗ ಬಂದುಬಿಡುತ್ತವೆ. ತೊಡಕಾಗುವುದು ಯಾವ ಪಾರ್ಟ್ ಬದಲಿಸಬೇಕು ಅಂತ ತೀರ್ಮಾನ ಮಾಡುವಾಗ. ತರಬೇತಿಯಲ್ಲಿ ಜಾಸ್ತಿ ಸಮಯ ಹೋಗಬೇಕಾದ್ದು ಅದಕ್ಕೇ.

ಈಚೆಗೆ ಚೆಕ್ ಎಂಜಿನ್ ಲೈಟ್ ಹತ್ತಿದ್ದ ಒಂದು ಪೆಟ್ರೋಲ್ ಕಾರು ಬಂತು. ಕಲಿಯುತ್ತಿದ್ದ ಹುಡುಗ, ಎಂಜಿನ್ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಚುಚ್ಚಿದ. ಪಿ0171 ಕೋಡ್ ಬಂತು. "ಅಣ್ಣಾ, ಆಕ್ಸಿಜನ್ ಸೆನ್ಸರ್ ಹೋಗಿದೆ, ತರಿಸೋಣ್ವಾ?" ಅಂದ. ಕೋಡ್ ಏನು ಹೇಳ್ತಿದೆ ಅಂತ ಇನ್ನೊಂದು ಸಲ ಓದು ಅಂದೆ. ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚಿದೆ, ಇಲ್ಲವೇ ಪೆಟ್ರೋಲ್ ಕಮ್ಮಿ ಇದೆ. ಆ ಕೋಡ್ ಹೇಳುವುದು ಅಷ್ಟೇ. ಸೆನ್ಸರ್ ಕೆಟ್ಟಿದೆ ಅಂತ ಅಲ್ಲಿ ಎಲ್ಲೂ ಇಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆದು ಇದನ್ನು ಸೆನ್ಸರೇ ಪತ್ತೆ ಮಾಡಿ ಹೇಳಿರುವಾಗ ಅದನ್ನೇ ಬದಲಿಸುವುದು ಜ್ವರ ತೋರಿಸಿದ ಥರ್ಮಾಮೀಟರನ್ನು ಎಸೆದ ಹಾಗೆ.

ಗಾಡಿ ಸ್ಟಾರ್ಟ್ ಮಾಡಿಸಿ ಫ್ಯೂಯಲ್ ಟ್ರಿಮ್ ನೋಡಿಸಿದೆ. ಎಂಜಿನ್ ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಅಥವಾ ಕಮ್ಮಿ ಕೊಡುತ್ತಿದೆ ಅಂತ ಅದು ತೋರಿಸುತ್ತದೆ. ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುವಾಗ, ಹೆಚ್ಚು ಕೊಡುವ ಪ್ರಮಾಣ ಶೇ. 20 ದಾಟಿತ್ತು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂಗೆ ಏರಿಸಿದ ಕೂಡಲೇ ಇಳಿಯುತ್ತಾ ಬಂತು. ಯಾಕೆ ಇಳೀತು ಅಂತ ಕೇಳಿದೆ. ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿದ. ಆ ಹೊತ್ತಿನಲ್ಲಿ ನಾವು ಬಾಯಿ ಹಾಕಬಾರದು, ಕಲಿಕೆ ಆಗುವುದೇ ಆಗ.

ಐಡ್ಲಿಂಗಿನಲ್ಲಿ, ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ಹೆಚ್ಚುಕಮ್ಮಿ ಮುಚ್ಚಿರುತ್ತದೆ. ಅಲ್ಲಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ ಎಳೆತ ಜೋರು. ಎಲ್ಲಾದರೂ ಸೀಳಿದ್ದರೆ ಅಲ್ಲಿಂದ ನುಗ್ಗುವ ಗಾಳಿಯ ಪಾಲು ಆಗ ದೊಡ್ಡದು. ಥ್ರಾಟಲ್ ತೆರೆದರೆ ಸರಿಯಾದ ದಾರಿಯಲ್ಲೇ ಬೇಕಾದಷ್ಟು ಗಾಳಿ ಬರುತ್ತದೆ, ಕಳ್ಳಗಾಳಿಯ ಪಾಲು ಸಣ್ಣದಾಗುತ್ತದೆ. ಫ್ಯೂಯಲ್ ಪಂಪ್ ಸೋತಿದ್ದರೆ ಅಥವಾ ಫಿಲ್ಟರ್ ಕಟ್ಟಿಕೊಂಡಿದ್ದರೆ ಸಾಮಾನ್ಯವಾಗಿ ಇದಕ್ಕೆ ಉಲ್ಟಾ: ಎಂಜಿನ್ ಮೇಲೆ ಲೋಡ್ ಬಿದ್ದಷ್ಟೂ ಟ್ರಿಮ್ ಏರುತ್ತದೆ. ಇಷ್ಟು ಗೊತ್ತಾದ ಮೇಲೆ ಹುಡುಕುವ ಜಾಗ ಚಿಕ್ಕದಾಯ್ತು. ಮ್ಯಾನಿಫೋಲ್ಡಿನ ಅಡಿಯಲ್ಲಿ ಒಂದು ರಬ್ಬರ್ ಪೈಪು, ತಿರುವಿನಲ್ಲಿ ಸೀಳಿತ್ತು. ಸುಮ್ನೆ ನೋಡಿದರೆ ಕಾಣಿಸುತ್ತಿರಲಿಲ್ಲ. ಬೆರಳಲ್ಲಿ ಬಗ್ಗಿಸಿದಾಗ ಬಾಯಿ ಬಿಡ್ತು. ಪೈಪು ಬದಲಿಸಿ ಮತ್ತೆ ಟ್ರಿಮ್ ನೋಡಿದೆವು. ಎರಡು ರೀಡಿಂಗನ್ನೂ ಹುಡುಗನ ಕೈಯಲ್ಲೇ ಜಾಬ್ ಕಾರ್ಡಿನಲ್ಲಿ ಬರೆಸಿದೆ.

ವೋಲ್ಟೇಜ್ ಡ್ರಾಪ್, ಅಂದರೆ ಕರೆಂಟ್ ಹರಿಯುವಾಗ ದಾರಿಯಲ್ಲೇ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಅಂತ ನೋಡುವುದನ್ನೂ ಹೀಗೆಯೇ ಮಾಡಿಸಿ ಕಲಿಸಬೇಕು. ಸೆಲ್ಫ್ ಹೊಡೆದರೆ ಎಂಜಿನ್ ನಿಧಾನಕ್ಕೆ ತಿರುಗುತ್ತದೆ ಅನ್ನೋದು ಪದೇ ಪದೇ ಬರುವ ದೂರು. ಬ್ಯಾಟರಿ 12.6 ವೋಲ್ಟ್, ಅಂದರೆ ತುಂಬಿದ ಚಾರ್ಜ್, ತೋರಿಸಿದರೆ ಹೊಸಬರು ಸೀದಾ ಸ್ಟಾರ್ಟರ್ ಮೋಟರಿಗೆ ಕೈ ಹಾಕುತ್ತಾರೆ. ಅದಕ್ಕೂ ಮೊದಲು ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. 0.2 ವೋಲ್ಟಿನ ಆಸುಪಾಸು ಇದ್ದರೆ ಸರಿ. ಒಂದು ವೋಲ್ಟ್ ತೋರಿಸಿದರೆ ಅರ್ಥ್ ಕೇಬಲ್ಲಿನಲ್ಲೋ ಅದರ ಬೋಲ್ಟಿನಲ್ಲೋ ತೊಂದರೆ ಇದೆ. ಎಷ್ಟೋ ಸಲ ತುಕ್ಕು ಉಜ್ಜಿ ಬಿಗಿ ಮಾಡಿದರೆ ಮುಗೀತು. ರೆಸಿಸ್ಟೆನ್ಸ್ ಅಳೆಯುವ ಓಮ್ ಮೀಟರಿನಲ್ಲೇ ನೋಡಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಾಲ್ಕೇ ಎಳೆ ಉಳಿದಿರುವ ಕೇಬಲ್ಲೂ ಓಮ್ ಮೀಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಯಾಕೆಂದರೆ ಮೀಟರ್ ಹರಿಸುವ ಕರೆಂಟ್ ತೀರಾ ಕಮ್ಮಿ. ನೂರಾರು ಆಂಪ್ ಎಳೆಯುವಾಗಲೇ ಅದರ ಬಣ್ಣ ಬಯಲಾಗುವುದು.

ಸುರಕ್ಷತೆ ವಿಷಯದಲ್ಲಿ ಚರ್ಚೆಯೇ ಬೇಡ. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಸ್ಟ್ಯಾಂಡ್ ಕೊಡದೆ ಯಾರೂ ಗಾಡಿಯ ಕೆಳಗೆ ಹೋಗಬಾರದು. ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಕೊನೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಾಕಬೇಕು. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಅಂದರೆ ಹೈ ವೋಲ್ಟೇಜ್. ಅದಕ್ಕೆ ಪ್ರತ್ಯೇಕ ತರಬೇತಿ ಆಗುವವರೆಗೆ ಮುಟ್ಟುವ ಹಾಗಿಲ್ಲ.

ಈ ಕೆಲಸಕ್ಕೆ ಬರಬೇಕು ಅಂತಿರುವವರು ಕೋರ್ಸ್ ಸೇರುವ ಮೊದಲು ಅಲ್ಲಿನ ವರ್ಕ್‌ಶಾಪಿಗೆ ಒಮ್ಮೆ ಹೋಗಿ ನೋಡಿ. ಟೇಬಲ್ ಮೇಲೆ ಬಿಚ್ಚಿಟ್ಟ ಎಂಜಿನ್ ಎಲ್ಲ ಕಡೆ ಇರುತ್ತದೆ. ಓಡುವ ಗಾಡಿಯಲ್ಲಿ ಬೇಕಂತಲೇ ಒಂದು ತೊಂದರೆ ಮಾಡಿಟ್ಟು, ವೈರಿಂಗ್ ಡಯಾಗ್ರಮ್ ಮತ್ತು ಮೀಟರ್ ಕೊಟ್ಟು ಹುಡುಕಲು ಬಿಡುತ್ತಾರಾ ಅಂತ ಕೇಳಿ. ಹಾಗೆ ಮಾಡಿಸುವ ಕಡೆ ಶುಲ್ಕ ಸ್ವಲ್ಪ ಜಾಸ್ತಿಯಾದರೂ ನಾನು ಅಲ್ಲಿಗೇ ಸೇರಿ ಅನ್ನುತ್ತೇನೆ.